ಏಳನೇ ನಂಬರಿಗೆ ಇನ್ನಷ್ಟು ಬಿಸಿನೀರು

ಆ ಸೋಮವಾರ ಬೆಳಿಗ್ಗೆ ನಾನು ಅಡುಗೆಮನೆಯ ಹಿಂದಿನ ಬಾಲ್ಕನಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಒಂದು ಟವೆಲಿನ ಎಣ್ಣೆಜಿಡ್ಡು ತಿಕ್ಕುತ್ತಿದ್ದೆ. ವಾಷಿಂಗ್ ಮೆಷಿನ್ ಪಕ್ಕದಲ್ಲೇ ಇತ್ತು. ಆದರೆ ತೆಂಗಿನೆಣ್ಣೆ ಕುಡಿದ ಟವೆಲನ್ನು ಮೆಷಿನ್ನಿಗೆ ಹಾಕಿದರೆ ಮುಂದಿನ ನಾಲ್ಕು ದಿನ ಮನೆಯವರ ಅಂಗಿಗಳೆಲ್ಲ ಕೊಬ್ಬರಿಯ ವಾಸನೆ ಹೊಡೆಯುತ್ತವೆ. ಒಮ್ಮೆ ಹಾಗಾಗಿ ನನ್ನ ಗಂಡ ವಾಲ್ಟರ್ ಕ್ಲಾಂಗ್ ಬಂದರಿನ ತಮ್ಮ ಆಫೀಸಿನಲ್ಲಿ ಇಡೀ ದಿನ ಕಿಟಕಿಯ ಪಕ್ಕ ನಿಂತೇ ಕೆಲಸ ಮಾಡಿದ್ದರಂತೆ. ಹಾಗಾಗಿ ಬಟ್ಟೆಸೋಪು, ಬ್ರಶ್ಶು, ನನ್ನ ಎರಡು ಕೈ.

ಆಗ ಫೋನು ಟಿಂಗ್ ಎಂದಿತು. ನಮ್ಮ ಕಟ್ಟಡದ ವಾಟ್ಸಾಪ್ ಗುಂಪು. ಈಜುಕೊಳದ ನೀರಿನ ಮೇಲೆ ಎಣ್ಣೆ ತೇಲುತ್ತಿದೆ, ಸ್ವಚ್ಛವಾಗುವವರೆಗೆ ಕೊಳ ಮುಚ್ಚಲಾಗಿದೆ, ಎಣ್ಣೆ ಸುರಿದವರು ಯಾರೆಂದು ಗೊತ್ತಿದ್ದವರು ದಯವಿಟ್ಟು ಸಮಿತಿಗೆ ತಿಳಿಸಿ ಎಂದು ಬರೆದಿತ್ತು.

ನಾನು ಫೋನನ್ನು ನೋಡಿದೆ. ಆಮೇಲೆ ಟವೆಲನ್ನು ನೋಡಿದೆ. ಜೆಜು ಮರಿ ಜುಜೆ, ಎಂದು ಯೇಸುವನ್ನೂ ಮರಿಯಮ್ಮನನ್ನೂ ಸಣ್ಣಗೆ ಕರೆದುಕೊಂಡೆ. ಎಣ್ಣೆ ಸುರಿದವಳು ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಸುರಿದದ್ದಲ್ಲ, ಹಚ್ಚಿದ್ದು. ಅದನ್ನು ಸ್ವಲ್ಪ ಹಿಂದಿನಿಂದಲೇ ಹೇಳಬೇಕು.

ನಮ್ಮ ಮನೆ ಮಲಯ್ ನಾಡಿನ ಪೆಟಾಲಿಂಗ್ ಜಯಾ ಊರಿನ ಒಂದು ಹಳೆಯ ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿ. ಕೆಳಗೆ ಒಂದು ಈಜುಕೊಳ. ಹದಿಮೂರು ವರ್ಷದಿಂದ ನಾನು ಆ ಕೊಳವನ್ನು ನೋಡಿದ್ದೆಲ್ಲ ಬಟ್ಟೆ ಒಣಗಿಸುವಾಗ, ಮೇಲಿನಿಂದ. ಕಡಲ ಊರಿನಲ್ಲಿ ಹುಟ್ಟಿದ ನನಗೆ ಈಜು ಬಾರದು. ಮಂಗಳೂರಿನ ಕಡಲನ್ನು ನಾವು ನೋಡುತ್ತೇವೆ, ಮೀನು ತರಿಸಿಕೊಳ್ಳುತ್ತೇವೆ, ಅಷ್ಟೇ. ಮೈಗೆ ನೀರು ಬೇಕಾದರೆ ಮನೆಯಲ್ಲಿ ಹಂಡೆ ಉಂಟಲ್ಲ.

ಈ ವರ್ಷ ಸೆಲಿನ್ ಮಾವ್ಶಿ ನಮ್ಮಲ್ಲಿಗೆ ಬಂದರು. ನಮ್ಮಂಥ ಕೊಂಕಣಿ ಮನೆಮಾತಿನವರು ತಾಯಿಯ ಅಕ್ಕತಂಗಿಯರನ್ನು ಮಾವ್ಶಿ ಎನ್ನುತ್ತೇವೆ. ಇವರು ವಾಲ್ಟರ್ ತಾಯಿಯ ಕೊನೆಯ ತಂಗಿ. ಮದುವೆಯಾಗಲಿಲ್ಲ. ಹರೆಯದಲ್ಲೇ ಇಂಗ್ಲೆಂಡಿಗೆ ಹೋಗಿ ಲಿವರ್‌ಪೂಲಿನಲ್ಲಿ ನರ್ಸಾಗಿ ದುಡಿದು, ವಯಸ್ಸಾದ ಮೇಲೆ ಮಂಗಳೂರಿಗೆ ಬಂದವರು. ಎರಡೂ ಮಂಡಿಗೆ ಆಪರೇಶನ್ ಆಗಿ ತಿಂಗಳುಗಳಾದರೂ ಬಲಗಾಲು ಮಾತು ಕೇಳುತ್ತಿರಲಿಲ್ಲ. ನಮ್ಮ ಇಲ್ಲಿಯ ಫಿಸಿಯೋ ಹುಡುಗಿ ನೋಡಿ, "ಆಂಟಿ, ನೀರಲ್ಲಿ ನಡೆಯಿರಿ. ದಿನಾ ಅರ್ಧ ಗಂಟೆ. ನೀರು ನಿಮ್ಮ ಭಾರ ಹೊರುತ್ತೆ," ಎಂದಳು.

ಮಾವ್ಶಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಚರ್ಚಿನಲ್ಲಿ ಅವರು ಕುಳಿತ ಜಾಗಕ್ಕೇ ಪಾದ್ರಿಗಳು ಪರಮಪ್ರಸಾದ ತಂದುಕೊಡುತ್ತಿದ್ದರು. "ನಾನು ನನ್ನ ಕಾಲಲ್ಲಿ ಎದ್ದು ಹೋಗಿ ತೆಗೊಳ್ಬೇಕು ಐರಿನ್," ಎನ್ನುತ್ತಿದ್ದರು. "ಮನೆಗೆ ಬಂದ ನೆಂಟರನ್ನು ಬಾಗಿಲಿಗೆ ಹೋಗಿ ಕರೀಬೇಕಲ್ಲ, ಮಂಚದಲ್ಲಿ ಮಲಗಿ ಬಾ ಅಂದ್ರೆ ಚಂದವಾ?" ಅದೂ ಮೊಂತಿ ಹಬ್ಬಕ್ಕೆ. ಮೊಂತಿ ಹಬ್ಬವೆಂದರೆ ಮರಿಯಮ್ಮನ ಹುಟ್ಟುಹಬ್ಬ, ನಮಗೆ ಹೊಸ ತೆನೆಯ ಹಬ್ಬ. ಆ ಸೋಮವಾರಕ್ಕೆ ಹಬ್ಬದ ಪೂಜೆ ಇನ್ನು ಹದಿಮೂರು ದಿನ ದೂರ ಇತ್ತು. ಹಬ್ಬ ಕಳೆದ ವಾರವೇ ಮಾವ್ಶಿ ಊರಿಗೆ ಹೊರಡಬೇಕಿತ್ತು.

ಈಗ ಎಣ್ಣೆಯ ವಿಷಯ. ನಾನು ಬೆಳೆದ ಮನೆಯಲ್ಲಿ ಎಣ್ಣೆ ಹಚ್ಚದ ಕಾಲು ನೀರಿಗೆ ತಾಗಿದ್ದೇ ಇಲ್ಲ. ಶನಿವಾರ ಬಂತೆಂದರೆ ಬಚ್ಚಲಿನ ಹಂಡೆಗೆ ತೆಂಗಿನ ಮಡಲು ಉರಿ. ಅಮ್ಮ ನಮ್ಮ ಐದು ಮಂದಿಯನ್ನು ಸಾಲಾಗಿ ನಿಲ್ಲಿಸಿ ತಲೆಯಿಂದ ಕಾಲಿನವರೆಗೆ ಎಣ್ಣೆ ಬಳಿಯುತ್ತಿದ್ದರು, ದೋಸೆ ಕಾವಲಿಗೆ ಬಳಿದ ಹಾಗೆ. ಅಣ್ಣ ತಪ್ಪಿಸಿಕೊಂಡು ಓಡಿದರೆ ಹಿಡಿಯಲಿಕ್ಕೆ ಹೋದವರ ಕೈಯಿಂದ ಜಾರುತ್ತಿದ್ದ. ಮದುವೆಯ ಹಿಂದಿನ ದಿನ ರೋಸ್ ಶಾಸ್ತ್ರದಲ್ಲೂ ಅಷ್ಟೇ. ಬಂಧುಬಳಗ ಸರದಿಯಲ್ಲಿ ಬಂದು ಮದುಮಗಳ ತಲೆಗೆ ತೆಂಗಿನಹಾಲು, ಎಣ್ಣೆ. ನನ್ನ ರೋಸಿನಲ್ಲಿ ಒಬ್ಬ ದೊಡ್ಡಮ್ಮ ಎಷ್ಟು ಎಣ್ಣೆ ಸುರಿದರೆಂದರೆ ಮರುದಿನ ಮುಸುಕು ತಲೆಯ ಮೇಲೆ ನಿಲ್ಲದೆ ಮೂರು ಬಾರಿ ಜಾರಿ ಪಾದ್ರಿಗಳೇ ನಕ್ಕಿದ್ದರು. ನೀರಿಗೆ ಮೊದಲು ಎಣ್ಣೆ. ಊಟಕ್ಕೆ ಮೊದಲು ಕೈ ತೊಳೆದ ಹಾಗೆ. ಇದನ್ನು ಯಾರೂ ನನಗೆ ಹೇಳಿಕೊಟ್ಟದ್ದಲ್ಲ, ಹಾಗಾಗಿ ಯಾರೂ ಬೇಡವೆಂದೂ ಹೇಳಿರಲಿಲ್ಲ.

ಹೀಗೆ, ಮಾವ್ಶಿ ಕೊಳಕ್ಕಿಳಿಯುವ ಮುಂಚೆ ದಿನಾ ಬೆಳಿಗ್ಗೆ ನಾನು ಊರಿನಿಂದ ಬಂದ ಎಣ್ಣೆ ಬೆಚ್ಚಗೆ ಮಾಡಿ ಅವರ ಮಂಡಿಗಳಿಗೆ ತಿಕ್ಕುತ್ತಿದ್ದೆ. ಆಮೇಲೆ ಟೀ ಶರ್ಟು, ಉದ್ದ ಲೆಗ್ಗಿಂಗ್ಸು ಹಾಕಿಸಿ, ಆ ಟವೆಲು ಸುತ್ತಿ, ಲಿಫ್ಟಿನಲ್ಲಿ ಕೆಳಗೆ. ಶನಿವಾರ ಮತ್ತು ಭಾನುವಾರ ಕಾಲು ಹೆಚ್ಚು ಬಿಗಿದಿದೆ ಎಂದರು. ನಾನು ಧಾರಾಳವಾಗಿ ಒಂದು ಬಟ್ಟಲು ಸೊಂಟದಿಂದ ಹಿಮ್ಮಡಿಯವರೆಗೆ ಇಳಿಸಿದೆ. ಉಳಿದದ್ದನ್ನು ಹಾಳು ಮಾಡುವುದೇಕೆಂದು ತಲೆಗೂ ಹಾಕಿದೆ.

ಭಾನುವಾರ ಬೆಳಗಿನ ಬಿಸಿಲಿಗೆ ಅವರ ಸುತ್ತ ನೀರು ನೀಲಿ, ನೇರಳೆ, ಹಸಿರು ಬಣ್ಣಗಳಲ್ಲಿ ಹೊಳೆಯಿತು. ನಾನು ಮೆಟ್ಟಿಲ ಮೇಲೆ ಕುಳಿತವಳು ಕೈಮುಗಿದು, "ನೋಡಿ ಮಾವ್ಶಿ, ದೇವರು ನೀರಲ್ಲೂ ಕಾಮನಬಿಲ್ಲು ಇಟ್ಟಿದ್ದಾನೆ," ಎಂದಿದ್ದೆ. ಈಗ ನಿಮಗೆ ಹೇಳಲು ನಾಚಿಕೆ. ರಾತ್ರಿ ಜಪಸರ ಮುಗಿದ ಮೇಲೆ ಆ ದಿನ ಸಿಕ್ಕ ಸಣ್ಣ ಉಪಕಾರಗಳನ್ನು ಬೆರಳಲ್ಲಿ ಎಣಿಸುವುದು ನನ್ನ ಅಭ್ಯಾಸ. ಅಂದು ಕಾಮನಬಿಲ್ಲಿಗೂ ಒಂದು ಬೆರಳು ಮಡಚಿದ್ದೆ.

ಸೋಮವಾರ ಮಧ್ಯಾಹ್ನದ ಹೊತ್ತಿಗೆ ಗುಂಪಿನಲ್ಲಿ ಮಾತು ಬೆಳೆಯಿತು. ಯಾರೋ ಕೊಳದಲ್ಲಿ ಬಾಳೆಹಣ್ಣು ಕರಿದಿರಬೇಕು ಎಂದು ಒಬ್ಬರು ನಗೆಯ ಚಿತ್ರ ಹಾಕಿದರು. ಕೊಳ ಆಸ್ಪತ್ರೆಯಲ್ಲ, ಈಜದವರು ಇಳಿಯುವುದನ್ನೇ ನಿಲ್ಲಿಸಬೇಕು ಎಂದು ಇನ್ನೊಬ್ಬರು. ಅವರು ಮೊದಲಿನಿಂದಲೂ ಮಾವ್ಶಿಯ ಲೆಗ್ಗಿಂಗ್ಸನ್ನು ಓರೆನೋಟದಲ್ಲಿ ನೋಡುತ್ತಿದ್ದವರೇ. ಮೂರನೆಯವರು, ಶನಿವಾರ ಕೊಳದ ಬದಿಯಲ್ಲಿ ಹುಟ್ಟುಹಬ್ಬ ಮಾಡಿ ಕೋಳಿ ಸುಟ್ಟ ವಿದ್ಯಾರ್ಥಿನಿಯರ ಕೆಲಸ ಇದು, ಅವರಿಗೆ ಇನ್ನು ಕೊಳದ ಕಾರ್ಡು ಕೊಡಬೇಡಿ ಎಂದು ಬರೆದರು.

ಆ ಹುಡುಗಿಯರು ನನಗೆ ಗೊತ್ತು. ಹುಬ್ಬಳ್ಳಿ ಕಡೆಯವರು, ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದು ಓದುವವರು. ಸಂಜೆ ಲಿಫ್ಟಿನಲ್ಲಿ ಅವರಲ್ಲೊಬ್ಬಳು, ಶ್ವೇತಾ, ಕಣ್ಣು ಕೆಂಪು ಮಾಡಿಕೊಂಡು ನಿಂತಿದ್ದಳು.

"ಅಕ್ಕಾರ, ನಾವ್ ಕೋಳಿ ಸುಟ್ಟದ್ದು ಖರೆ. ಆದ್ರ ಎಣ್ಣಿ ಒಂದ್ ಹನಿ ಚೆಲ್ಲಿಲ್ರಿ. ಕಟ್ಟಿ ಎಲ್ಲಾ ಒರಿಸಿ ಹೋಗೀವಿ. ಯಾರೂ ನಂಬವಲ್ರು."

ಮಾತಿನ ಭರದಲ್ಲಿ ಅವಳ ಮಹಡಿ ಬಂದರೂ ಅವಳು ಇಳಿಯಲಿಲ್ಲ, ನನ್ನ ಮಹಡಿ ಬಂದರೂ ನಾನು ಇಳಿಯಲಿಲ್ಲ. ಲಿಫ್ಟು ಮತ್ತೆ ಕೆಳಗೆ ಹೋಗಿ ಮೇಲೆ ಬಂತು. ನಾನೇ ಹಚ್ಚಿದ್ದು ಎನ್ನಲು ಬಾಯಿ ತೆರೆದೆ, "ಊಟ ಆಯ್ತಾ?" ಎಂದೆ. ಎಂಥ ಹೇಡಿ ನೋಡಿ. ಒಪ್ಪಿಕೊಂಡರೆ ಮಾವ್ಶಿಗೆ ಕೊಳ ಹೋಯಿತು. ಒಪ್ಪದಿದ್ದರೆ ಈ ಮಕ್ಕಳಿಗೆ ಕೆಟ್ಟ ಹೆಸರು.

ಮನೆಯಲ್ಲಿ ನನ್ನ ಮಗಳು ರಿಯಾ ಸೋಫಾದ ಮೇಲೆ ಅದೇ ಗುಂಪನ್ನು ನನ್ನ ಹಳೆಯ ಫೋನಿನಲ್ಲಿ ಓದುತ್ತಿದ್ದಳು. ಹನ್ನೆರಡು ವರ್ಷ, ನಾವು ಕನ್ನಡದಲ್ಲೋ ಕೊಂಕಣಿಯಲ್ಲೋ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ವಯಸ್ಸು.

"ಮಮ್ಮಿ, ಇಟ್ಸ್ ಅಸ್, ರೈಟ್?"

"ಅಸ್ ಅಲ್ಲ. ನಾನು."

"ಓ ಮೈ ಗಾಡ್. ಸೋ ಎಂಬರಾಸಿಂಗ್ ಲಾ!"

"ದೇವರ ಹೆಸರು ಸುಮ್ಮಸುಮ್ಮನೆ ಎತ್ತಬೇಡ," ಎಂದೆ. ತಾಯಿಯಾದವಳಿಗೆ ಬೇರೆ ಏನೂ ಹೇಳಲು ಉಳಿಯದಿದ್ದಾಗ ಇದೊಂದು ಉಳಿದಿರುತ್ತದೆ.

ಮಾವ್ಶಿಗೆ ಹೇಳಲೇಬೇಕಾಯಿತು. ಅವರು ಕುರ್ಚಿಯಲ್ಲಿ ಕಾಲು ಚಾಚಿ ಹೀರೇಕಾಯಿಯ ಹಾಗೆ ಗಂಟಿಕ್ಕಿದ ಮುಖದಲ್ಲಿ ಎಲ್ಲ ಕೇಳಿದರು. ಕೇಳಿ ಮುಗಿದ ಮೇಲೆ ಭುಜ ಕುಣಿಯುವಷ್ಟು ನಕ್ಕರು.

"ಅಲ್ಲ ಮಾರಾಯ್ತಿ, ನಾನೆಂತ ನರ್ಸು! ನಲವತ್ತು ವರ್ಷ ಬೇರೆಯವರಿಗೆ ಕೈ ತೊಳೆಯಿರಿ, ಮೈ ತೊಳೆಯಿರಿ ಅಂತ ಹೇಳಿದವಳು, ನನ್ನ ಮೈಯ ಎಣ್ಣೆ ಎಲ್ಲಿಗೆ ಹೋಗ್ತದೆ ಅಂತ ಆಲೋಚನೆಯೇ ಮಾಡ್ಲಿಲ್ಲ. ನಮ್ಮ ಸ್ನಾನದ ಮನೆಯ ಆ ದೊಡ್ಡಮ್ಮ ಇದ್ದಿದ್ರೆ ನಮ್ಮಿಬ್ಬರ ಕಿವಿ ಹಿಡಿದು ಹೊರಗೆ ಹಾಕ್ತಿದ್ರು."

ಸ್ನಾನದ ಮನೆ ಎಂದರೆ ಲಿವರ್‌ಪೂಲಿನ ಸಾರ್ವಜನಿಕ ಸ್ನಾನಗೃಹ. ಆ ಕಥೆ ನಾವು ಚೂರುಚೂರಾಗಿ ಕೇಳಿದ್ದೆವು, ಅಂದು ಸಂಜೆ ಪೂರ್ತಿ ಕೇಳಿದೆವು.

ನರ್ಸುಗಳ ಹಾಸ್ಟೆಲು ಬಿಟ್ಟು ಮಾವ್ಶಿ ಹಿಡಿದ ಬಾಡಿಗೆ ಕೋಣೆಗೆ ಬಚ್ಚಲೇ ಇರಲಿಲ್ಲವಂತೆ. ಆ ಬೀದಿಯ ಎಷ್ಟೋ ಮನೆಗಳಿಗೆ ಇರಲಿಲ್ಲ. ನನಗೆ ನಂಬಲಾಗಲಿಲ್ಲ. ಇಡೀ ಲೋಕಕ್ಕೆ ಸಾಬೂನು ಮಾರಿದವರ ಮನೆಯಲ್ಲಿ ಬಚ್ಚಲಿಲ್ಲವೇ! ವಾರಕ್ಕೊಮ್ಮೆ ಸ್ನಾನಕ್ಕೆ ಆ ದೊಡ್ಡ ಕೆಂಪು ಇಟ್ಟಿಗೆಯ ಕಟ್ಟಡಕ್ಕೆ ಹೋಗಬೇಕು. ಬಾಗಿಲುಗಳ ಮೇಲೆ ಕಲ್ಲಿನಲ್ಲಿ ಕೊರೆದಿತ್ತಂತೆ, ಗಂಡಸರು ಮೊದಲ ದರ್ಜೆ, ಗಂಡಸರು ಎರಡನೇ ದರ್ಜೆ, ಹೆಂಗಸರು. "ಹೆಂಗಸರಿಗೆ ಒಂದೇ ಬಾಗಿಲು. ನಾವೆಲ್ಲ ಒಂದೇ ದರ್ಜೆ," ಎಂದು ಮಾವ್ಶಿ. ಒಳಗೆ ಸಾಲಾಗಿ ಕೋಣೆ, ಪ್ರತಿ ಕೋಣೆಗೂ ಒಂದು ತೊಟ್ಟಿ, ಬಾಗಿಲಿಗೆ ನಂಬರು. ಆದರೆ ನಲ್ಲಿಯ ಕೀಲಿ ಒಳಗಿಲ್ಲ! ಹೊರಗೆ ಸೊಂಟಕ್ಕೆ ಕೀಲಿ ಕಟ್ಟಿಕೊಂಡು ಓಡಾಡುವ ಹೆಂಗಸಿನ ಕೈಯಲ್ಲಿ. ಆಕೆ ಬಿಟ್ಟಷ್ಟೇ ನೀರು. ತಣ್ಣಗಾದರೆ ಒಳಗಿನಿಂದ ಕೂಗಬೇಕು: "ಮೋರ್ ಹಾಟ್ ಫಾರ್ ನಂಬರ್ ಸೆವೆನ್!"

"ಮೊದಲ ವಾರ ನಾಚಿಕೆಯಲ್ಲಿ ಕೂಗ್ಲೇ ಇಲ್ಲ. ತಣ್ಣೀರಲ್ಲಿ ನಡುಗಿ ಬಂದೆ. ಎರಡನೇ ವಾರವೂ ಹಾಗೇ. ಮೂರನೇ ವಾರ ಪಕ್ಕದ ಎಂಟನೇ ನಂಬರಿನಿಂದ ಯಾರೋ ಅಜ್ಜಿ ಗೋಡೆ ಬಡಿದು, ಆ ಇಂಡಿಯಾದ ಹುಡುಗಿಗೆ ಬಿಸಿನೀರು ಬಿಡಿ, ಅದರ ಹಲ್ಲು ಕಟಕಟ ಅನ್ನೋದು ನನಗೆ ಕೇಳ್ತಾ ಉಂಟು ಅಂತ ಬೊಬ್ಬೆ ಹಾಕಿದಳು. ಅಜ್ಜಿಯ ಮುಖ ನಾನು ನೋಡಿಯೇ ಇಲ್ಲ. ಇವತ್ತಿಗೂ ಅವಳಿಗೊಂದು ಪ್ರಾರ್ಥನೆ ಹೇಳ್ತೇನೆ."

ಅದೇ ಕಟ್ಟಡದಲ್ಲಿ ಈಜುಕೊಳ, ಅದರ ಆಚೆ ಬಟ್ಟೆ ಒಗೆಯುವ ಸಾಲುಮನೆ. ಚಳಿಗಾಲದಲ್ಲಿ ಕೊಳದ ಮೇಲೆ ಹಲಗೆ ಹಾಸಿ ಅದನ್ನೇ ಕುಣಿತದ ಹಾಲ್ ಮಾಡುತ್ತಿದ್ದರಂತೆ. ಮಾವ್ಶಿ ಒಮ್ಮೆ ಸೀರೆಯುಟ್ಟು ಹೋಗಿ, ಹಲಗೆ ಮುರಿದರೆ ಎಂದು ಹೆದರಿ ಬದಿಯಲ್ಲೇ ನಿಂತು ಇಡೀ ಸಂಜೆ ಕಳೆದರಂತೆ. ಅವರ ಮನೆಯೊಡತಿಯ ತಾಯಿಯ ಕಾಲಕ್ಕೆ ಕೊಳದ ನೀರು ಬದಲಿಸುತ್ತಿದ್ದದ್ದು ವಾರಕ್ಕೊಮ್ಮೆ. ಹೊಸ ನೀರಿನ ದಿನ ಹೆಚ್ಚಿನ ದರ, ವಾರದ ಕೊನೆಗೆ ಅಗ್ಗ. ಅಷ್ಟು ಹೊತ್ತಿಗೆ ನೀರು ನಮ್ಮ ಅಕ್ಕಿ ತೊಳೆದ ನೀರಿನಂತೆ. ಆಮೇಲೆ ಯಂತ್ರ ಬಂತು, ನಿಯಮವೂ ಬಂತು: ಸಾಬೂನು ಹಾಕಿ ತೊಳೆಯದ ಮೈ ಕೊಳಕ್ಕೆ ಇಳಿಯುವಂತಿಲ್ಲ. ಕೀಲಿಯ ದೊಡ್ಡಮ್ಮ ಬಗ್ಗಿ ಹಿಮ್ಮಡಿ ನೋಡಿಯೇ ಬಿಡುತ್ತಿದ್ದದ್ದು.

ಇವೆಲ್ಲ ಹೇಗೆ ಶುರುವಾಯಿತೆಂದು ಆ ಮನೆಯೊಡತಿ ಹೇಳಿದ ಕಥೆ ನನಗೆ ಬಹಳ ಇಷ್ಟ. ಹಿಂದೆ ಆ ಊರಿಗೆ ಕಾಲರಾ ಬಂದಾಗ ಒಂದು ಬಡ ಬೀದಿಯಲ್ಲಿ ನೀರು ಕಾಯಿಸುವ ದೊಡ್ಡ ಹಂಡೆ ಇದ್ದದ್ದು ಒಬ್ಬಳೇ ಹೆಂಗಸಿನ ಮನೆಯಲ್ಲಂತೆ. ಆಕೆ ಬಾಗಿಲು ತೆರೆದಿಟ್ಟು, ಬನ್ನಿ, ನಿಮ್ಮ ಹಾಸಿಗೆ ಬಟ್ಟೆ ತಂದು ಇಲ್ಲೇ ಕುದಿಸಿ ಎಂದಳು. ಊರಿನ ದೊಡ್ಡವರು ಅದನ್ನು ನೋಡಿದ ಮೇಲೆಯೇ ಸ್ನಾನದ ಮನೆ, ಒಗೆಯುವ ಮನೆ ಕಟ್ಟಿದ್ದು. ಒಬ್ಬ ಗೃಹಿಣಿಯ ಅಡುಗೆಮನೆಯಿಂದ ಒಂದು ದೇಶದ ಸ್ನಾನ ಶುರುವಾಯಿತು ಎಂದರೆ ನನಗೇ ಯಾರೋ ಬೆನ್ನು ತಟ್ಟಿದ ಹಾಗಾಗುತ್ತದೆ. ಅಂದು ಮಾತ್ರ ಬೆನ್ನು ಕುಗ್ಗಿತು. ಆಕೆ ತನ್ನ ಹಂಡೆಯಿಂದ ಬೀದಿಯನ್ನೇ ತೊಳೆದಳು, ನಾನು ನನ್ನ ಬಟ್ಟಲಿನಿಂದ ಇಡೀ ಕಟ್ಟಡದ ನೀರು ಕೆಡಿಸಿ ಬಾಯಿ ಮುಚ್ಚಿಕೊಂಡಿದ್ದೆ.

"ಮಾವ್ಶಿ, ಹೇಳಿದ್ರೆ ನಿಮ್ಮನ್ನು ಇಳಿಯಲಿಕ್ಕೆ ಬಿಡ್ತಾರಾ?"

"ಬಿಡದಿದ್ರೆ ಪಾದ್ರಿಗಳು ಕೂತಲ್ಲಿಗೇ ತಂದು ಕೊಡ್ತಾರೆ. ಆದ್ರೆ ಆ ಹುಡುಗಿಯರ ಮೇಲೆ ತಪ್ಪು ಹಾಕಿ ನಡೆದುಹೋಗಿ ಪ್ರಸಾದ ತೆಗೊಂಡ್ರೆ ಅದು ನನ್ನ ಗಂಟಲಲ್ಲಿ ಇಳೀತದಾ?" ಅವರು ವಾಕರ್ ಎಳೆದುಕೊಂಡು ಎದ್ದರು. "ನಡಿ. ಎಣ್ಣೆ ಬಾಟ್ಲಿಯನ್ನೂ ತಾ. ಸಾಕ್ಷಿ ಬೇಕಲ್ಲ."

ಸಮಿತಿಯ ಕಾರ್ಯದರ್ಶಿ ಸರೋಜ ಅಕ್ಕ ನಮ್ಮ ಮಹಡಿಯವರೇ. ಇಲ್ಲೇ ಹುಟ್ಟಿ ಬೆಳೆದ ತಮಿಳರು, ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಅವರು ತಮಿಳು ಬೆರೆಸಿದ ಇಂಗ್ಲಿಷಿನಲ್ಲಿ, ನಾನು ಕನ್ನಡ ಬೆರೆಸಿದ ಇಂಗ್ಲಿಷಿನಲ್ಲಿ. ಹದಿಮೂರು ವರ್ಷದಿಂದ ಹೀಗೇ ನಡೆದಿದೆ. ಬಾಗಿಲು ತೆರೆದ ಅವರು ಮಾವ್ಶಿಯನ್ನು, ನನ್ನನ್ನು, ಬಾಟ್ಲಿಯನ್ನು ನೋಡಿದರು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಕಾಮನಬಿಲ್ಲನ್ನೂ ಬಿಡಲಿಲ್ಲ.

"ಅಯ್ಯಯ್ಯೋ, ಐರಿನ್," ಎಂದರು ಸರೋಜ ಅಕ್ಕ. "ಬೆಳಿಗ್ಗೆಯಿಂದ ಆ ಹುಡುಗಿಯರನ್ನು ಎರಡು ಸಲ ಕರೆಸಿ ಗದರಿಸಿದ್ದೇನೆ. ಮೊದಲೇ ಹೇಳಬಾರದಿತ್ತಾ ಅಮ್ಮಾ?"

"ಹೆದರಿದೆ ಅಕ್ಕ."

"ಯಾರಿಗೆ? ನನಗಾ?"

"ನಿಮಗೂ."

ಅವರು ಬಾಟ್ಲಿಯ ಮುಚ್ಚಳ ತೆಗೆದು ಮೂಸಿದರು. ಮುಖ ಸ್ವಲ್ಪ ಸಡಿಲಾಯಿತು. ಆಗ ಮಾವ್ಶಿ ತಮ್ಮ ಆಸ್ಪತ್ರೆ ಇಂಗ್ಲಿಷಿನಲ್ಲಿ, ವಾಕರ್ ಹಿಡಿದೇ ನಿಂತು, ಲಿವರ್‌ಪೂಲಿನ ನಿಯಮವನ್ನು ಹೇಳಿದರು. ಕೊಳದ ಬದಿಯಲ್ಲೇ ಶವರ್ ಇದೆ, ಅಲ್ಲೊಂದು ಸಾಬೂನು ಇಡಿ, ಯಾರೇ ಇಳಿಯಲಿ ಮೊದಲು ತೊಳೆದುಕೊಳ್ಳಲಿ, ಮೊದಲು ನನ್ನನ್ನೇ ಪರೀಕ್ಷೆ ಮಾಡಿ ಎಂದರು. ಸರೋಜ ಅಕ್ಕ ಕನ್ನಡಕದ ಮೇಲಿನಿಂದ ನೋಡಿದ ರೀತಿಗೆ ನನಗೆ ಪರೀಕ್ಷೆ ಕೊಠಡಿಯ ನೆನಪಾಯಿತು.

"ಸಮಿತಿಗೆ ಹೇಳುತ್ತೇನೆ. ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ. ನೀನು ಮಾತ್ರ ಈಗಲೇ ಗುಂಪಿನಲ್ಲಿ ಬರೆ."

ಬರೆದೆ. ರಿಯಾ ಇಂಗ್ಲಿಷು ತಿದ್ದಿದಳು. ಶ್ವೇತಾಳ ಮನೆಗೆ ಹೋಗಿ ಕ್ಷಮೆ ಕೇಳಿದೆ. ಬರಿಗೈಯಲ್ಲಿ ಹೋಗದೆ ನೀರುದೋಸೆ, ಕೋಳಿ ಸಾರು ಒಯ್ದಿದ್ದೆ. ಅವಳು ಡಬ್ಬಿ ತೆಗೆದುಕೊಂಡು, "ಅಕ್ಕಾರ, ಲಿಫ್ಟಿನ್ಯಾಗ ನೀವು ಮ್ಯಾಲ ಕೆಳಗ ಯಾಕ ಹೊಂಟಿದ್ರಿ ಅಂತ ಈಗ ತಿಳೀತ್ ನೋಡ್ರಿ," ಎಂದಳು. ನಕ್ಕಳು ಎನ್ನುವುದೇ ದೊಡ್ಡದು.

ಸಮಿತಿ ತೀರ್ಮಾನಿಸಲು, ಕೊಳ ತಿಳಿಯಾಗಲು ಏಳು ದಿನ ಹಿಡಿಯಿತು. ಆ ಏಳು ದಿನ ಮಾವ್ಶಿ ಕಾರಿಡಾರಿನಲ್ಲಿ ವಾಕರ್ ಹಿಡಿದು ನಡೆದರು. ಮಂಡಿ ಮತ್ತೆ ಬಿಗಿಯತೊಡಗಿತು. ನಾನು ಪ್ರತಿ ಹೆಜ್ಜೆಯ ಸದ್ದನ್ನೂ ಅಡುಗೆಮನೆಯಿಂದ ಕೇಳಿದೆ. ರಿಯಾ ಒಂದು ಸಂಜೆ ಫೋನಿನಲ್ಲಿ ಆ ಹಳೆಯ ಸ್ನಾನಗೃಹದ ಚಿತ್ರ ಹುಡುಕಿ ತೋರಿಸಿದಳು. ಮುಂದಿನ ಗೋಡೆಯೊಂದು ಉಳಿದಿದೆ, ಹಿಂದೆ ಹೊಸ ಮನೆಗಳೆದ್ದಿವೆ. ಮಾವ್ಶಿ ಬೆರಳಲ್ಲಿ ಚಿತ್ರ ದೊಡ್ಡದು ಮಾಡಿ ಬಾಗಿಲಿನ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. "ಹೆಂಗಸರ ಬಾಗಿಲು ಉಂಟು. ಸಾಕು," ಎಂದರು.

ಎಂಟನೇ ದಿನ ಕೊಳ ತೆರೆಯಿತು. ಮಾವ್ಶಿಗೆ ಬೆಳಿಗ್ಗೆ ಏಳರಿಂದ ಎಂಟು, ಸಾಬೂನಿನ ಸ್ನಾನ ಮಾತ್ರ ಎಲ್ಲರಿಗೂ ಕಡ್ಡಾಯ. ಕೊಳ ನೋಡಿಕೊಳ್ಳುವ ಮಲಯ್ ಮುದುಕರು, ಪಾಕ್ ಮಾನ್, ಮೆಟ್ಟಿಲ ಬಳಿ ಜಾಲರಿ ಕೋಲು ಹಿಡಿದು ನಿಂತು ದಿನಾ ಕೇಳುತ್ತಿದ್ದರು, "ಮಿನ್ಯಾಕ್ ಅದಾ?" ಎಣ್ಣೆ ಇದೆಯಾ ಎಂದು. "ತಾಕ್ ಅದಾ!" ಇಲ್ಲ ಎಂದು ಮಾವ್ಶಿ ಕಾಲು ಚಾಚಿ ತೋರಿಸುತ್ತಿದ್ದರು. ಆಮೇಲೆ ಇಬ್ಬರೂ ನಗುವುದು. ಶ್ವೇತಾಳೂ ಎರಡು ದಿನ ಇಳಿದು ಮಾವ್ಶಿಯ ಕೈ ಹಿಡಿದು ನಡೆಸಿದಳು. ಉಳಿದದ್ದು ಆರೇ ದಿನ.

ಹಬ್ಬದ ಭಾನುವಾರ ಚರ್ಚಿನಲ್ಲಿ ನಮ್ಮೂರಿನವರೆಲ್ಲ ಸೇರಿದ್ದರು. ಯಾರೋ ಭತ್ತದ ನಾಲ್ಕು ತೆನೆ ತಂದಿದ್ದರು, ಮಕ್ಕಳು ಮರಿಯಮ್ಮನಿಗೆ ಹೂ ಎರಚಿದರು. ಪ್ರಸಾದದ ಹೊತ್ತಿಗೆ ಪಾದ್ರಿಗಳು ಅಭ್ಯಾಸದಂತೆ ನಮ್ಮ ಬೆಂಚಿನತ್ತ ಹೆಜ್ಜೆ ಇಟ್ಟರು. ಮಾವ್ಶಿ ಕೈಯೆತ್ತಿ ತಡೆದರು. ವಾಕರನ್ನು ನನ್ನ ಕಡೆ ತಳ್ಳಿದರು. ಎದ್ದರು.

ನಮ್ಮ ಬೆಂಚಿನಿಂದ ಪೀಠಕ್ಕೆ ಹೆಚ್ಚು ದೂರವಿಲ್ಲ. ನಡುವೆ ಒಮ್ಮೆ ನಿಂತು ಬೆಂಚಿನ ಅಂಚು ಹಿಡಿದರು. ನನ್ನ ಕೈ ತಾನಾಗಿ ಮುಂದೆ ಹೋಯಿತು. ವಾಲ್ಟರ್ ಮೆಲ್ಲನೆ ಅದನ್ನು ಹಿಂದಕ್ಕೆಳೆದರು. ಮಾವ್ಶಿ ಮತ್ತೆ ನಡೆದರು, ಬಲಕ್ಕೆ ಸ್ವಲ್ಪ ವಾಲಿ, ನೀರಿನಲ್ಲಿ ನಡೆಯುವವರ ಹಾಗೆ ಕೈಗಳನ್ನು ಅಗಲಿಸಿಕೊಂಡು. ಹೋದರು. ತೆಗೆದುಕೊಂಡರು. ತಿರುಗಿ ಬಂದು ಕುಳಿತ ಮೇಲೆ ಕಣ್ಣು ಮುಚ್ಚಿಯೇ ನನ್ನ ಕಿವಿಗೆ, "ನೆಲ ಗಟ್ಟಿ ಮಾರಾಯ್ತಿ. ನೀರೇ ಸುಲಭ," ಎಂದರು.

ಮನೆಗೆ ಬಂದವರೇ ಮಾವ್ಶಿ ಸ್ನಾನಕ್ಕೆ ಹೋದರು, ನಾನು ಹಬ್ಬದ ಅಡುಗೆಗೆ ಕುಳಿತೆ. ಮೊಂತಿ ಹಬ್ಬಕ್ಕೆ ಮೀನು ಮಾಂಸವಿಲ್ಲ. ತರಕಾರಿಯೇ, ಅದೂ ಐದೋ ಏಳೋ ಬಗೆ. ಹೀರೇಕಾಯಿಯ ಏಣು ಹೆರೆಯುತ್ತ ಆ ದಿನದ ಉಪಕಾರಗಳಿಗೆ ಬೆರಳು ಮಡಚೋಣವೆಂದರೆ ಎರಡು ಕೈಯಲ್ಲೂ ಕೆಲಸ. ಇರಲಿ, ದೇವರಿಗೆ ಲೆಕ್ಕ ಬರುತ್ತದೆ.

ಅಷ್ಟರಲ್ಲಿ ಬಚ್ಚಲಿನಿಂದ ಇಡೀ ಒಂಬತ್ತನೇ ಮಹಡಿಗೆ ಕೇಳುವಂತೆ ಕೂಗು ಬಂತು.

"ಮೋರ್ ಹಾಟ್ ಫಾರ್ ನಂಬರ್ ಸೆವೆನ್!"

ಈ ದೇಶದ ಮನೆಗಳಲ್ಲಿ ನೀರು ಕಾಯಿಸುವ ಸ್ವಿಚ್ಚು ಬಚ್ಚಲಿನ ಹೊರಗಿರುತ್ತದೆ. ಗಡಿಬಿಡಿಯಲ್ಲಿ ನಾನು ಅದನ್ನು ಹಾಕಲು ಮರೆತಿದ್ದೆ. ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋಗಿ ಸ್ವಿಚ್ಚು ಒತ್ತಿದೆ, ಕೆಂಪು ದೀಪ ಹೊತ್ತಿತು. ಒಳಗೆ ನೀರು ಬಿದ್ದ ಸದ್ದಿನ ಜೊತೆ ಮಾವ್ಶಿ ಹಬ್ಬದ ಹಾಡು ಶುರು ಮಾಡಿದರು. ನಾನು ಬಂದು ಉಳಿದ ಹೀರೇಕಾಯಿ ಕೈಗೆತ್ತಿಕೊಂಡೆ.